ವೇಗಮಿತಿ ಬದಲಾಗುವ ಹೆದ್ದಾರಿ, ಮನೆಗೆ ಬಂದ ಚಲನ್: ಕಲಬುರಗಿ, ಬೀದರ್, ಯಾದಗಿರಿ ಚಾಲಕರು ತಕರಾರು ಸಲ್ಲಿಸುವ ಕ್ರಮ

ಅತಿವೇಗದ ಚಲನ್ ವಿರುದ್ಧ ಕೊಟ್ಟ ತಕರಾರು ತಿರಸ್ಕಾರವಾಗಲು ಬಹುತೇಕ ಸಲ ಕಾರಣ ಒಂದೇ: ಕೆಲಸಗಳ ಕ್ರಮ ತಪ್ಪಿರುತ್ತದೆ. ಕೆಲವರು ಮೊದಲು ದಂಡ ಕಟ್ಟಿ ಆಮೇಲೆ ವಾದಕ್ಕೆ ಇಳಿಯುತ್ತಾರೆ. ಕೆಲವರು ಬೋರ್ಡಿನ ಫೋಟೊ ತೆಗೆಯಲು ತಿಂಗಳ ಮೇಲೆ ಹೋಗುತ್ತಾರೆ, ಅಷ್ಟರಲ್ಲಿ ಕಾಮಗಾರಿ ಮುಗಿದು ಬೋರ್ಡೇ ಇರುವುದಿಲ್ಲ. ಇನ್ನು ಕೆಲವರು ‘ನಾನು ಜೋರಾಗಿ ಓಡಿಸಿಲ್ಲ’ ಎಂದು ಒಂದು ಸಾಲು ಬರೆದು ಕಳಿಸಿ ಕಾಯುತ್ತಾರೆ. ಆ ಸಾಲಿಗೆ ಬೆಲೆ ಇಲ್ಲ. ಕಾನೂನು ಕೇಳುವುದು ನಿಮ್ಮ ಅನಿಸಿಕೆಯನ್ನಲ್ಲ, ನೋಟಿಸ್ ಕೊಟ್ಟವರ ಬಳಿ ಇರಬೇಕಾದ ಕಾಗದಗಳನ್ನು.

ನಮ್ಮ ಭಾಗದಲ್ಲಿ ಗೊಂದಲ ಹೆಚ್ಚು. ಬೀದರ್‌ನಿಂದ ಹುಮನಾಬಾದ್, ಕಲಬುರಗಿ, ಜೇವರ್ಗಿ ದಾಟಿ ವಿಜಯಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಊರು ಬಂದಲ್ಲಿ ಒಂದು ಮಿತಿ, ಸೇತುವೆ ಬಂದಲ್ಲಿ ಇನ್ನೊಂದು. ಸೊಲ್ಲಾಪುರ–ಹುಮನಾಬಾದ್–ಹೈದರಾಬಾದ್ ನಡುವಿನ ಹೆದ್ದಾರಿ 65ರಲ್ಲಿ ಒಂದೇ ಪ್ರಯಾಣದಲ್ಲಿ ಮೂರು ರಾಜ್ಯಗಳ ಪೊಲೀಸರ ವ್ಯಾಪ್ತಿ ದಾಟುತ್ತೀರಿ. ನೋಟಿಸ್ ಯಾರದು, ಮಿತಿ ಯಾರು ಹಾಕಿದ್ದು ಎಂಬುದನ್ನು ತಿಳಿಯದೆ ಮುಂದೆ ಹೆಜ್ಜೆ ಇಡಬಾರದು.

ಮಿತಿ ಮೀರಿ ಓಡಿಸಿದ್ದು ನಿಮಗೇ ಗೊತ್ತಿದ್ದರೆ ಇಲ್ಲಿಗೇ ನಿಲ್ಲಿಸಿ, ದಂಡ ಕಟ್ಟಿಬಿಡಿ. ಈ ಮಾರ್ಗದರ್ಶಿ ತಪ್ಪು ನೋಟಿಸ್ ಬಂದವರಿಗೆ.

## ಹಂತ 1: ಚಲನ್ ಅಸಲಿಯೋ ನಕಲಿಯೋ ನೋಡಿ

ವಾಟ್ಸ್ಆಪ್‌ನಲ್ಲಿ ‘ಆರ್‌ಟಿಓ ಚಲನ್’ ಎಂಬ ಹೆಸರಿನ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ. ಅದನ್ನು ಇನ್‌ಸ್ಟಾಲ್ ಮಾಡಿದರೆ ಫೋನಿನ ಎಸ್ಎಂಎಸ್, ಓಟಿಪಿ ಎಲ್ಲ ವಂಚಕರ ಕೈ ಸೇರುತ್ತವೆ. ಸರ್ಕಾರ ಚಲನ್‌ಗಾಗಿ ಎಪಿಕೆ ಕಳಿಸುವುದಿಲ್ಲ. ಹತ್ತು ಅಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ ಬಂದ ಸಂದೇಶ, ವ್ಯಕ್ತಿಯೊಬ್ಬರ ಹೆಸರಿನ ಯುಪಿಐಗೆ ಹಣ ಕೇಳುವುದು, ‘ಇವತ್ತೇ ಕಟ್ಟದಿದ್ದರೆ ಅರೆಸ್ಟ್’ ಎಂಬ ಬೆದರಿಕೆ, ಮೂರೂ ಮೋಸದ ಗುರುತುಗಳು.

ಸಂದೇಶದಲ್ಲಿರುವ ಲಿಂಕ್ ಒತ್ತುವ ಬದಲು ನೀವೇ ಬ್ರೌಸರ್ ತೆರೆದು ಪರಿವಾಹನ್ ಇ-ಚಲನ್ ತಾಣಕ್ಕೆ ಹೋಗಿ. ವಿಳಾಸ ‘ಗವ್ ಡಾಟ್ ಇನ್’ ಎಂದೇ ಮುಗಿಯಬೇಕು. ಗಾಡಿ ನಂಬರಿನ ಜತೆಗೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ಅಂಕಿಗಳು ಬೇಕಾಗುತ್ತವೆ, ಆರ್‌ಸಿ ಪಕ್ಕದಲ್ಲಿಟ್ಟುಕೊಳ್ಳಿ. ಜಹೀರಾಬಾದ್, ಹೈದರಾಬಾದ್ ಕಡೆಯ ಚಲನ್ ಅಲ್ಲಿ ಕಾಣದಿದ್ದರೆ ತೆಲಂಗಾಣ ಪೊಲೀಸರ ಚಲನ್ ತಾಣದಲ್ಲೂ, ಉಮರ್ಗಾ, ಸೊಲ್ಲಾಪುರ, ಪುಣೆ ಕಡೆಯದಾದರೆ ಮಹಾರಾಷ್ಟ್ರ ಟ್ರಾಫಿಕ್ ಪೊಲೀಸರ ತಾಣದಲ್ಲೂ ಹುಡುಕಿ. ಎಲ್ಲಿಯೂ ಇಲ್ಲದ ಚಲನ್‌ಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಇದೇ ಹೊತ್ತಿಗೆ ಇನ್ನೊಂದು ಕೆಲಸ ಮುಗಿಸಿ. ಆರ್‌ಸಿಯಲ್ಲಿ ಹಳೆಯ ಮೊಬೈಲ್ ನಂಬರ್ ಇದ್ದರೆ ವಾಹನ್ ತಾಣದಲ್ಲಿ ಬದಲಿಸಿ. ನೋಟಿಸ್ ತಲುಪಲೇ ಇಲ್ಲ ಎಂದು ಹೇಳುವವರ ನಂಬರ್ ಎಷ್ಟೋ ಸಲ ಗಾಡಿ ಮಾರಿದ ಡೀಲರ್‌ನದ್ದಾಗಿರುತ್ತದೆ. ಆಗ ತಪ್ಪು ಮಾಲೀಕರ ಮೇಲೇ ಬರುತ್ತದೆ.

## ಹಂತ 2: ಕಟ್ಟಬೇಡಿ, ಸುಮ್ಮನೆಯೂ ಕೂರಬೇಡಿ, ನಾಲ್ಕು ದಿನಾಂಕ ಬರೆದಿಡಿ

ದಂಡ ಕಟ್ಟಿದರೆ ತಪ್ಪು ಒಪ್ಪಿಕೊಂಡಂತೆ, ಪ್ರಕರಣ ಅಲ್ಲಿಗೆ ಮುಗಿಯಿತು. ಕರ್ನಾಟಕ ಸರ್ಕಾರ 2023ರಲ್ಲೂ 2025ರಲ್ಲೂ ಕೊಟ್ಟಂಥ ಶೇ 50ರ ರಿಯಾಯಿತಿಯಲ್ಲಿ ಕಟ್ಟಿದರೂ ಅಷ್ಟೇ. ಮತ್ತೊಂದು ಕಡೆ, ಕಟ್ಟದೆ ತಕರಾರನ್ನೂ ಕೊಡದೆ ಬಿಟ್ಟರೆ ಪ್ರಕರಣ ನ್ಯಾಯಾಲಯಕ್ಕೆ ಹೋಗುತ್ತದೆ, ಗಾಡಿ ಮಾರುವಾಗ ಅಥವಾ ಎಫ್‌ಸಿ ಮಾಡಿಸುವಾಗ ಆರ್‌ಟಿಓದಲ್ಲಿ ಕೆಲಸ ನಿಲ್ಲುತ್ತದೆ.

ಒಂದು ಹಾಳೆಯಲ್ಲಿ ಈ ನಾಲ್ಕನ್ನು ಬರೆಯಿರಿ: ಉಲ್ಲಂಘನೆ ನಡೆದ ದಿನ, ಚಲನ್ ತಯಾರಾದ ದಿನ, ಎಸ್ಎಂಎಸ್ ಅಥವಾ ಟಪಾಲು ನಿಮಗೆ ಮುಟ್ಟಿದ ದಿನ, ನೋಟಿಸ್‌ನಲ್ಲಿ ಅಚ್ಚಾಗಿರುವ ಕೊನೆಯ ದಿನ. ಎಸ್ಎಂಎಸ್‌ನ ಸ್ಕ್ರೀನ್‌ಶಾಟ್ ತೆಗೆಯಿರಿ. ಟಪಾಲಿನಲ್ಲಿ ಬಂದಿದ್ದರೆ ಲಕೋಟೆಯನ್ನು ಒಗೆಯಬೇಡಿ, ಅಂಚೆ ಮುದ್ರೆಯೇ ಪುರಾವೆ.

ಈ ದಿನಾಂಕಗಳು ಯಾಕೆ ಮುಖ್ಯ? ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ ಸೇರಿದ ನಿಯಮ 167ಎ ಪ್ರಕಾರ, ಕ್ಯಾಮೆರಾ ಹಿಡಿದ ಉಲ್ಲಂಘನೆಯ ನೋಟಿಸ್ 15 ದಿನದೊಳಗೆ ಕಳಿಸಬೇಕು. ಇದಕ್ಕಿಂತ ಹಳೆಯದಾದ, ಚಾಲಕರಿಗೆ ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ರಕ್ಷಣೆ ಮೋಟಾರು ವಾಹನ ಕಾಯ್ದೆ 1988ರ ಕಲಂ 209ರಲ್ಲಿದೆ. ಅತಿವೇಗದ ಆರೋಪದಲ್ಲಿ ಶಿಕ್ಷೆ ಕೊಡಬೇಕಾದರೆ ಮೂರರಲ್ಲಿ ಒಂದಾದರೂ ನಡೆದಿರಬೇಕು: ಸ್ಥಳದಲ್ಲೇ ಎಚ್ಚರಿಕೆ ಕೊಟ್ಟಿರಬೇಕು, ಅಥವಾ 14 ದಿನದೊಳಗೆ ಚಾಲಕನಿಗೆ ಇಲ್ಲವೇ ನೋಂದಾಯಿತ ಮಾಲೀಕನಿಗೆ ನೋಟಿಸ್ ಜಾರಿ ಮಾಡಿರಬೇಕು ಇಲ್ಲವೇ ರಿಜಿಸ್ಟರ್ಡ್ ಟಪಾಲಿನಲ್ಲಿ ಕಳಿಸಿರಬೇಕು, ಅಥವಾ 28 ದಿನದೊಳಗೆ ಸಮನ್ಸ್ ಮುಟ್ಟಿರಬೇಕು. ವಿಳಾಸ ಪತ್ತೆಯಾಗದಿದ್ದರೆ, ಅಥವಾ ತಡಕ್ಕೆ ಆರೋಪಿಯೇ ಕಾರಣನಾದರೆ ಈ ರಕ್ಷಣೆ ಸಿಗದು. ಅದಕ್ಕೇ ಆರ್‌ಸಿ ವಿಳಾಸ, ಮೊಬೈಲ್ ನಂಬರ್ ಸರಿಯಿರಬೇಕು ಎಂದದ್ದು. ಪೊಲೀಸರು ರಸ್ತೆಯಲ್ಲೇ ನಿಲ್ಲಿಸಿ ಚಲನ್ ಕೊಟ್ಟಿದ್ದರೆ ಕಲಂ 209ನ್ನು ಮರೆತುಬಿಡಿ.

## ಹಂತ 3: ಚಲನ್‌ನ ಚಿತ್ರವನ್ನು ದೊಡ್ಡದು ಮಾಡಿ ಓದಿ

ಮೊಬೈಲ್ ಪರದೆಯಲ್ಲಿ ಕಣ್ಣಾಡಿಸಿ ಬಿಡುವುದು ಸಾಮಾನ್ಯ ತಪ್ಪು. ಚಿತ್ರ ಡೌನ್‌ಲೋಡ್ ಮಾಡಿ ಕಂಪ್ಯೂಟರ್‌ನಲ್ಲಿ ನೋಡಿ.

ಮೊದಲು ನಂಬರ್ ಪ್ಲೇಟ್. ಕಲಬುರಗಿ ಕೆಎ 32, ಯಾದಗಿರಿ ಕೆಎ 33, ಬೀದರ್ ಕೆಎ 38, ಭಾಲ್ಕಿ ಕೆಎ 39. ನಾಲ್ಕಕ್ಕೂ ಇರುವ ವ್ಯತ್ಯಾಸ ಒಂದೇ ಅಂಕಿ. ಧೂಳು ಕೂತ ಪ್ಲೇಟಿನಲ್ಲಿ 3 ಮತ್ತು 8 ಕ್ಯಾಮೆರಾಕ್ಕೆ ಒಂದೇ ಥರ ಕಾಣುತ್ತವೆ. ಅಕ್ಷರದ ಬಿ ಮತ್ತು ಅಂಕಿ 8, ಅಕ್ಷರದ ಡಿ ಮತ್ತು ಸೊನ್ನೆ ಕೂಡ ಹಾಗೇ ತಪ್ಪುತ್ತವೆ. ಯಾದಗಿರಿಯ ಬಿಳಿ ಕಾರಿನ ತಪ್ಪು ಬೀದರ್‌ನ ಬಿಳಿ ಕಾರಿನ ತಲೆಗೆ ಬರಲು ಇಷ್ಟು ಸಾಕು. ಆಮೇಲೆ ಮಾಡೆಲ್, ಬಣ್ಣ, ಮೇಲಿನ ಕ್ಯಾರಿಯರ್, ಬಂಪರ್, ಸ್ಟಿಕರ್ ಹೋಲಿಸಿ. ಪ್ಲೇಟ್ ನಿಮ್ಮದೇ, ಗಾಡಿ ನಿಮ್ಮದಲ್ಲ ಎಂದಾದರೆ ಯಾರೋ ನಕಲಿ ಪ್ಲೇಟ್ ಹಾಕಿದ್ದಾರೆ. ಅದು ಬರೀ ಚಲನ್ ವಿಷಯ ಅಲ್ಲ, ಅವತ್ತೇ ನಿಮ್ಮ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ನಂತರ ಚೌಕಟ್ಟಿನಲ್ಲಿ ಎಷ್ಟು ಗಾಡಿಗಳಿವೆ ನೋಡಿ. ನಿಮ್ಮ ಪಕ್ಕದ ಲೇನಿನಲ್ಲಿ ಲಾರಿಯೊಂದು ಮುಂದೆ ಹೋಗುತ್ತಿದ್ದರೆ ರೇಡಾರ್ ಅಲೆ ಯಾವುದರಿಂದ ವಾಪಸ್ ಬಂತು ಎಂಬ ಪ್ರಶ್ನೆಗೆ ಜಾಗವಿದೆ. ಕ್ಯಾಮೆರಾ ಓರೆಯಾಗಿತ್ತು ಎಂಬ ವಾದ ಮಾತ್ರ ಬೇಡ. ಓರೆಯಿಂದ ನೋಡಿದ ರೇಡಾರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಅದು ನಿಮಗೇ ಲಾಭ.

ಸಮಯದ ಮುದ್ರೆಯಿರುವ ಎರಡು ಚಿತ್ರಗಳಿದ್ದರೆ ಲೆಕ್ಕ ಮಾಡಬಹುದು. ಕ್ರಮಿಸಿದ ಮೀಟರನ್ನು ಸೆಕೆಂಡಿನಿಂದ ಭಾಗಿಸಿ 3.6ರಿಂದ ಗುಣಿಸಿದರೆ ಗಂಟೆಗೆ ಇಷ್ಟು ಕಿ.ಮೀ. ಎಂದು ಸಿಗುತ್ತದೆ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ 27.8 ಮೀಟರ್. ಅರ್ಧ ಸೆಕೆಂಡಿನ ಅಂತರದ ಎರಡು ಚಿತ್ರಗಳಲ್ಲಿ ಗಾಡಿ ಸುಮಾರು 14 ಮೀಟರ್ ಸರಿದಿರಬೇಕು. ಎರಡು ಕಂಬಗಳ ನಡುವಿನ ಸರಾಸರಿ ವೇಗ ಲೆಕ್ಕ ಹಾಕುವ ಕಡೆ ಇನ್ನೂ ಸುಲಭ: 10 ಕಿ.ಮೀ. ದೂರವನ್ನು 80ರ ವೇಗದಲ್ಲಿ ಮುಗಿಸಲು ಏಳೂವರೆ ನಿಮಿಷ ಬೇಕು, 100ರಲ್ಲಿ ಆರು ನಿಮಿಷ.

## ಹಂತ 4: ಎರಡು ಮೂರು ದಿನದೊಳಗೆ ಸ್ಥಳಕ್ಕೆ ಹೋಗಿ

ಮಿಕ್ಕ ಕಾಗದಗಳು ತಡವಾಗಿಯೂ ಸಿಗುತ್ತವೆ, ಬೋರ್ಡು ಸಿಗುವುದಿಲ್ಲ. ಹೀಗಾಗಿ ಅರ್ಜಿ ಬರೆಯುವ ಮೊದಲೇ ಈ ಕೆಲಸ.

ಜತೆಗೆ ಒಬ್ಬರು ಬೇಕೇ ಬೇಕು. ಓಡಿಸುವವರು ಓಡಿಸಲಿ, ಪಕ್ಕದಲ್ಲಿ ಕೂತವರು ವಿಡಿಯೊ ತೆಗೆಯಲಿ. ಹೆದ್ದಾರಿಯ ಮೇಲೆ ಗಾಡಿ ನಿಲ್ಲಿಸಬೇಡಿ. ನಡೆದು ನೋಡುವುದಿದ್ದರೆ ಸರ್ವಿಸ್ ರಸ್ತೆಯಿಂದ. ಫೋನಿನಲ್ಲಿ ದಿನ, ಸಮಯ, ಅಕ್ಷಾಂಶ–ರೇಖಾಂಶ ಅಚ್ಚು ಮಾಡುವ ಕ್ಯಾಮೆರಾ ಆಪ್ ಇರಲಿ.

ಕ್ಯಾಮೆರಾ ಇರುವ ಜಾಗಕ್ಕಿಂತ ಎರಡು ಕಿ.ಮೀ. ಹಿಂದಿನಿಂದ ವಿಡಿಯೊ ಶುರು ಮಾಡಿ, ನಿಲ್ಲಿಸದೆ ದಾಟುವವರೆಗೆ ತೆಗೆಯಿರಿ. ಮಧ್ಯೆ ಕತ್ತರಿಸಿದ ವಿಡಿಯೊ ಕೆಲಸಕ್ಕೆ ಬಾರದು. ಉಲ್ಲಂಘನೆಯ ಹೊತ್ತಿಗೇ ಹೋಗಿ. ಸಂಜೆ ಐದಕ್ಕೆ ಪಶ್ಚಿಮಕ್ಕೆ ಮುಖ ಮಾಡಿ ಓಡಿಸುವಾಗ ಎದುರು ಬಿಸಿಲಿಗೆ ಬೋರ್ಡು ಕಾಣದಿದ್ದರೆ, ಬೆಳಿಗ್ಗೆ ತೆಗೆದ ಫೋಟೊ ಅದನ್ನು ಹೇಳುವುದಿಲ್ಲ. ಬೋರ್ಡನ್ನು ಬೇವಿನ ಕೊಂಬೆ, ಫ್ಲೆಕ್ಸ್ ಅಥವಾ ನಿಂತ ಟ್ರಾಕ್ಟರ್ ಮುಚ್ಚಿದ್ದರೆ ಚಾಲಕನ ಕಣ್ಣಿನ ಎತ್ತರದಿಂದ ತೆಗೆಯಿರಿ.

ಜಾಗ ಗುರುತಿಸಲು ಕಿಲೋಮೀಟರ್ ಕಲ್ಲುಗಳೇ ಆಧಾರ. ರಾಷ್ಟ್ರೀಯ ಹೆದ್ದಾರಿಯದಕ್ಕೆ ಹಳದಿ ತಲೆ, ರಾಜ್ಯ ಹೆದ್ದಾರಿಯದಕ್ಕೆ ಹಸಿರು. ನಡುವೆ 200 ಮೀಟರಿಗೊಂದು ಸಣ್ಣ ಕಲ್ಲಿರುತ್ತದೆ. ‘ಕಮಲಾಪುರ ದಾಟಿದ ಮೇಲೆ’ ಎಂದು ಬರೆಯುವುದಕ್ಕೂ ‘ಇಂಥ ಕಿ.ಮೀ. ಕಲ್ಲಿನಿಂದ 400 ಮೀಟರ್ ಮುಂದೆ, ಎಡಬದಿ’ ಎಂದು ಬರೆಯುವುದಕ್ಕೂ ತೂಕದಲ್ಲಿ ಬಹಳ ಅಂತರ.

ಮೂರು ಸಂಗತಿ ದಾಖಲಿಸಿ. ವೇಗಮಿತಿಯ ಬೋರ್ಡು ಇದೆಯೇ. ಕ್ಯಾಮೆರಾ ನಿಗಾ ಇದೆ ಎಂದು ಹೇಳುವ ಎಚ್ಚರಿಕೆ ಬೋರ್ಡು ಅದಕ್ಕೂ ಮೊದಲೇ ಇದೆಯೇ (ನಿಯಮ 167ಎ ಇದನ್ನು ಕಡ್ಡಾಯ ಮಾಡಿದೆ). ಹಿಂದಿನ ಮಿತಿ ಎಲ್ಲಿ ಮುಗಿಯಿತು ಎಂದು ತಿಳಿಸುವ ಬೋರ್ಡು ಇದೆಯೇ.

## ಹಂತ 5: ಆ ಕ್ಷಣಕ್ಕೆ, ನಿಮ್ಮ ಗಾಡಿಗೆ ಮಿತಿ ಎಷ್ಟಿತ್ತು?

ಹೆಚ್ಚು ಜನ ಎಡವುವುದು ಇಲ್ಲೇ. ಮಿತಿ ರಸ್ತೆಗೆ ಒಂದೇ ಅಲ್ಲ. ಗಾಡಿಯ ವರ್ಗ, ರಸ್ತೆಯ ಬಗೆ, ಸ್ಥಳೀಯ ಆದೇಶ ಮೂರೂ ಸೇರಿ ಅದು ನಿರ್ಧಾರವಾಗುತ್ತದೆ.

ಕೇಂದ್ರ ಸರ್ಕಾರದ 2018ರ ಏಪ್ರಿಲ್ 6ರ ಅಧಿಸೂಚನೆ ಗರಿಷ್ಠ ಮಿತಿಗಳನ್ನು ಹೀಗೆ ಹೇಳಿತು. ಚಾಲಕನಲ್ಲದೆ ಎಂಟು ಸೀಟಿನವರೆಗಿನ ಕಾರುಗಳಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ 120, ವಿಭಜಕವಿರುವ ನಾಲ್ಕು ಲೇನ್ ರಸ್ತೆಯಲ್ಲಿ 100, ಊರೊಳಗೂ ಇತರೆ ರಸ್ತೆಗಳಲ್ಲೂ 70. ಸರಕು ವಾಹನಕ್ಕೆ ನಾಲ್ಕು ಲೇನಿನಲ್ಲಿ 80, ಉಳಿದೆಡೆ 60. ಬೈಕಿಗೂ ನಾಲ್ಕು ಲೇನಿನಲ್ಲಿ 80, ಉಳಿದೆಡೆ 60. ಮದ್ರಾಸ್ ಹೈಕೋರ್ಟ್ 2021ರಲ್ಲಿ ಈ ಅಧಿಸೂಚನೆಯನ್ನು ರದ್ದು ಮಾಡಿತು. ಹೀಗಾಗಿ ಬರೀ ಇದರ ಮೇಲೆ ಭಾರ ಹಾಕಿ ವಾದ ಕಟ್ಟಬೇಡಿ. ಅದೂ ಅಲ್ಲದೆ ರಾಜ್ಯಗಳು ಇದಕ್ಕಿಂತ ಕಡಿಮೆ ಮಿತಿ ಹಾಕಬಹುದು.

ಪಿಕಪ್ ಇಟ್ಟುಕೊಂಡವರು ಕಾರಿನ ಮಿತಿಯನ್ನೇ ತಮ್ಮದೆಂದು ತಿಳಿಯುತ್ತಾರೆ. ಆರ್‌ಸಿಯಲ್ಲಿ ಸರಕು ವಾಹನ ಎಂದಿದ್ದರೆ ಖಾಲಿ ಓಡಿಸಿದರೂ ಅದು ಸರಕು ವಾಹನವೇ. ಉಲ್ಟಾ ತಪ್ಪೂ ಆಗುತ್ತದೆ: ಕಾರಿನ ಚಲನ್‌ನಲ್ಲಿ ಸರಕು ವಾಹನದ ಮಿತಿ ನಮೂದಾಗಿದ್ದರೆ ಅದು ಗಟ್ಟಿ ತಕರಾರು.

ಸ್ಥಳೀಯ ಮಿತಿ. ಕಾಯ್ದೆಯ ಕಲಂ 112(2) ನಿಮ್ಮ ಮುಖ್ಯ ಆಯುಧ. ಸುರಕ್ಷತೆಗಾಗಿ ಅಥವಾ ರಸ್ತೆ, ಸೇತುವೆಯ ಸ್ವರೂಪದಿಂದಾಗಿ ಒಂದು ಭಾಗಕ್ಕೆ ಬೇರೆ ಮಿತಿ ಹಾಕಬೇಕಾದರೆ ರಾಜಪತ್ರದಲ್ಲಿ (ಸರ್ಕಾರಿ ಗೆಜೆಟ್) ಅಧಿಸೂಚನೆಯೂ ಬೇಕು, ತಕ್ಕ ಜಾಗದಲ್ಲಿ ಬೋರ್ಡೂ ಬೇಕು. ಎರಡೂ ಇರಬೇಕು. ಬೋರ್ಡಿದ್ದು ಅಧಿಸೂಚನೆ ಇಲ್ಲದಿದ್ದರೂ, ಅಧಿಸೂಚನೆಯಿದ್ದು ಬೋರ್ಡು ಇಲ್ಲದಿದ್ದರೂ ಪ್ರಶ್ನಿಸಬಹುದು.

ತಾತ್ಕಾಲಿಕ ಮಿತಿ. ಕಾಮಗಾರಿ, ಸೇತುವೆ ದುರಸ್ತಿ, ಜಾತ್ರೆ ಇಂಥದ್ದಕ್ಕೆ ಹಾಕುವ ಮಿತಿ ಒಂದು ತಿಂಗಳಿಗಿಂತ ಹೆಚ್ಚಿರದಿದ್ದರೆ ರಾಜಪತ್ರದ ಅಧಿಸೂಚನೆ ಬೇಡ ಎಂದು ಅದೇ ಕಲಂ ಹೇಳುತ್ತದೆ. ಹಾಗಾದರೆ ನೀವು ಕೇಳಬೇಕಾದ್ದು ಆ ಮಿತಿ ಯಾವತ್ತು ಶುರುವಾಯಿತು ಎಂಬುದು. ಕಾಮಗಾರಿಯ 40ರ ಬೋರ್ಡು ತಿಂಗಳುಗಟ್ಟಲೆ ನಿಂತಿದ್ದರೆ ಆ ವಿನಾಯಿತಿ ಮುಗಿದಿದೆ, ಅಧಿಸೂಚನೆ ತೋರಿಸಬೇಕು.

ಬದಲಾಗುವ ಎಲ್‌ಇಡಿ ಬೋರ್ಡು. ಕೆಂಪು ವೃತ್ತದೊಳಗಿನ ಅಂಕಿ ಕಡ್ಡಾಯ ಮಿತಿ. ‘ನಿಧಾನವಾಗಿ ಚಲಿಸಿ’, ‘ಮುಂದೆ ಮಂಜು’ ಎಂಬ ಬರಹ ಸಲಹೆ ಮಾತ್ರ. ತ್ರಿಕೋನದ ಬೋರ್ಡು ಎಚ್ಚರಿಕೆ ಮಾತ್ರ. ಎಲ್‌ಇಡಿ ಮಿತಿಯನ್ನು ಪ್ರಶ್ನಿಸುವುದಾದರೆ ಆ ನಿಮಿಷಕ್ಕೆ ಬೋರ್ಡಿನಲ್ಲಿ ಏನು ಮೂಡಿತ್ತು ಎಂಬ ಲಾಗ್ ಕೇಳಿ. ಅಂಕಿ ಬದಲಾದ ಸಮಯಕ್ಕೂ ನೀವು ಬೋರ್ಡು ದಾಟಿದ ಸಮಯಕ್ಕೂ ಹೋಲಿಕೆ ಮಾಡಿದರೆ ನಿಜ ತಿಳಿಯುತ್ತದೆ.

ಲೇನಿಗೊಂದು ಮಿತಿ. ಹೈದರಾಬಾದ್‌ನ ಹೊರವರ್ತುಲ ರಸ್ತೆಯಲ್ಲಿ 2023ರಿಂದ ವಿಭಜಕದ ಪಕ್ಕದ ಎರಡು ಲೇನಿಗೆ 120, ಹೊರಗಿನ ಎರಡು ಲೇನಿಗೆ 80. ವಿಮಾನ ನಿಲ್ದಾಣಕ್ಕೆ ಹೋಗುವ ಬೀದರ್, ಕಲಬುರಗಿ ಗಾಡಿಗಳು ಎಡ ಲೇನಿನಲ್ಲಿ 100ರಲ್ಲಿ ಹೋಗಿ ಚಲನ್ ತರುವುದು ಹೀಗೆ. ಅಲ್ಲಿ ವಾದಕ್ಕಿರುವುದು ವೇಗವಲ್ಲ, ಚಿತ್ರದಲ್ಲಿ ನಿಮ್ಮ ಗಾಡಿ ಯಾವ ಲೇನಿನಲ್ಲಿದೆ ಎಂಬುದು.

## ಹಂತ 6: ಯಂತ್ರದ ಕಾಗದ ಕೇಳಿ

ಕಲಂ 183(3) ಪ್ರಕಾರ ಒಬ್ಬ ಸಾಕ್ಷಿಯ ಅಂದಾಜಿನ ಮೇಲೆ ಅತಿವೇಗಕ್ಕೆ ಶಿಕ್ಷೆ ಕೊಡುವಂತಿಲ್ಲ, ಆ ಅಂದಾಜಿಗೆ ಯಂತ್ರದ ಆಧಾರ ಬೇಕು. ಆದ್ದರಿಂದ ಯಂತ್ರ ಸರಿಯಿತ್ತೇ ಎಂಬುದು ನ್ಯಾಯವಾದ ಪ್ರಶ್ನೆ.

ಕೇಳಬೇಕಾದ ಕಾಗದಗಳು ಮೂರು. ನಿಯಮ 167ಎ ಅಡಿ ಉಪಕರಣಕ್ಕೆ ಸಿಕ್ಕ ಅನುಮೋದನೆ ಪ್ರಮಾಣಪತ್ರ. ಇದು ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಉಲ್ಲಂಘನೆಯ ದಿನ ಚಾಲ್ತಿಯಲ್ಲಿತ್ತೇ ನೋಡಿ. ಎರಡನೆಯದು ಕಾನೂನು ಮಾಪನಶಾಸ್ತ್ರ ಇಲಾಖೆಯ (ತೂಕ, ಅಳತೆಯ ಸಾಧನಗಳನ್ನು ಪರೀಕ್ಷಿಸುವ ಇಲಾಖೆ) ಪರಿಶೀಲನೆ ಮತ್ತು ಮುದ್ರೆ, ವೇಗ ಅಳೆಯುವ ರೇಡಾರ್ ಉಪಕರಣಗಳಿಗೆ ಈ ನಿಯಮ 2025ರ ಜುಲೈ 1ರಿಂದ ಜಾರಿಯಲ್ಲಿದೆ. ಮೂರನೆಯದು ವಿದ್ಯುನ್ಮಾನ ದಾಖಲೆಯ ಪ್ರಮಾಣಪತ್ರ. ಮೊದಲು ಸಾಕ್ಷ್ಯ ಕಾಯ್ದೆಯ ಕಲಂ 65ಬಿ ಅಡಿ ಕೊಡುತ್ತಿದ್ದರು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4) ಅನ್ವಯಿಸುತ್ತದೆ.

ಇವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗಿರಬೇಕು. ಆದ್ದರಿಂದ ಯಂತ್ರದ ಕಾಗದಕ್ಕೆ ಒಂದು ಅರ್ಜಿ, ವೇಗಮಿತಿಯ ಅಧಿಸೂಚನೆಗೆ ಇನ್ನೊಂದು. ಕಲಬುರಗಿ ನಗರ ವ್ಯಾಪ್ತಿಯದಾದರೆ ಪೊಲೀಸ್ ಆಯುಕ್ತರ ಕಚೇರಿಗೆ, ಬೀದರ್, ಯಾದಗಿರಿಯದಾದರೆ ಎಸ್‌ಪಿ ಕಚೇರಿಗೆ ಕೊಡಿ. ಬೋರ್ಡು ನೆಟ್ಟ ವಿವರಕ್ಕೆ ಹೆದ್ದಾರಿ ಪ್ರಾಧಿಕಾರವನ್ನು ಕೇಳಬೇಕು, ಅದು ಕೇಂದ್ರದ ಸಂಸ್ಥೆ, ಅರ್ಜಿ ಕೇಂದ್ರದ ತಾಣದಲ್ಲಿ. ಉತ್ತರ ಬರುವವರೆಗೆ ತಕರಾರು ತಡೆದಿಡಬೇಡಿ, ನೋಟಿಸ್‌ನ ಗಡುವು ನಿಮಗಾಗಿ ಕಾಯುವುದಿಲ್ಲ.

## ಹಂತ 7: ತಕರಾರು ಬರೆಯುವುದು

ಒಂದು ತಕರಾರಿಗೆ ಒಂದು, ಹೆಚ್ಚೆಂದರೆ ಎರಡು ಕಾರಣ. ಐದಾರು ಕಾರಣ ತುರುಕಿದರೆ ಗಟ್ಟಿಯಾದದ್ದೂ ಕಳೆದುಹೋಗುತ್ತದೆ. ಚಲನ್ ಕೊಟ್ಟ ತಾಣದಲ್ಲೇ ದೂರಿನ ವಿಭಾಗವಿರುತ್ತದೆ. ಇ-ಚಲನ್ ತಾಣದಲ್ಲಿ ಸಲ್ಲಿಸಿ ಟಿಕೆಟ್ ನಂಬರ್ ಬರೆದಿಟ್ಟುಕೊಳ್ಳಿ, ಅದೇ ಪತ್ರವನ್ನು ಸಂಬಂಧಿಸಿದ ಕಚೇರಿಗೆ ರಿಜಿಸ್ಟರ್ಡ್ ಟಪಾಲಿನಲ್ಲೂ ಕಳಿಸಿ. ಹೊರರಾಜ್ಯದ ಚಲನ್‌ಗೆ ಇಂಗ್ಲಿಷಿನಲ್ಲಿ ಬರೆಯುವುದು ಒಳ್ಳೆಯದು. ನಮ್ಮಲ್ಲಿಯದಕ್ಕೆ ಕನ್ನಡದ ಮಾದರಿ ಹೀಗಿರಲಿ:

‘ಚಲನ್ ಸಂಖ್ಯೆ … , ವಾಹನ ಸಂಖ್ಯೆ … , ದಿನಾಂಕ … , ಸಮಯ … . ಚಲನ್‌ನಲ್ಲಿ ವೇಗಮಿತಿ … ಎಂದಿದೆ. ಹೆದ್ದಾರಿ … ರ ಕಿ.ಮೀ. … ರಿಂದ … ರವರೆಗೆ ಈ ಮಿತಿಯ ಬೋರ್ಡು ಇರಲಿಲ್ಲ. ದಿನಾಂಕ … ರಂದು ತೆಗೆದ ವಿಡಿಯೊ ಲಗತ್ತಿಸಿದೆ. ಮೋಟಾರು ವಾಹನ ಕಾಯ್ದೆ ಕಲಂ 112(2)ರಂತೆ ಸದರಿ ಭಾಗಕ್ಕೆ ಹೊರಡಿಸಿದ ಅಧಿಸೂಚನೆ ಹಾಗೂ ಬೋರ್ಡು ಅಳವಡಿಸಿದ ದಾಖಲೆ ಒದಗಿಸಬೇಕು. ಇಲ್ಲವಾದಲ್ಲಿ ಚಲನ್ ರದ್ದುಪಡಿಸಬೇಕೆಂದು ಕೋರುತ್ತೇನೆ.’

ಸಿಟ್ಟಿನ ಮಾತು ಬೇಡ, ‘ಅಧಿಕಾರಿಗಳು ವಸೂಲಿಗೆ ನಿಂತಿದ್ದಾರೆ’ ಎಂಬಂಥ ಆರೋಪ ಬೇಡ. ಪತ್ರ ಓದುವವರು ಕಾಗದ ಹೋಲಿಸಿ ತೀರ್ಮಾನಿಸಬೇಕು, ಅವರ ಕೆಲಸ ಸುಲಭ ಮಾಡಿ.

ಜತೆಗಿಡಬಹುದಾದ ಪುರಾವೆ. ಡ್ಯಾಶ್‌ಕ್ಯಾಮ್ ಇದ್ದರೆ ಮೂಲ ಫೈಲನ್ನು ಕತ್ತರಿಸದೆ ಪೆನ್‌ಡ್ರೈವ್‌ಗೆ ನಕಲು ಮಾಡಿ, ಮೆಮೊರಿ ಕಾರ್ಡ್ ತೆಗೆದಿಡಿ. ಕಾರ್ಡ್ ತುಂಬಿದಂತೆ ಹಳೆಯದು ಅಳಿಸಿಹೋಗುತ್ತದೆ. ಬಸ್ಸು, ಟ್ಯಾಕ್ಸಿಯಲ್ಲಿ ಜಿಪಿಎಸ್ ಟ್ರಾಕರ್ ಇದ್ದರೆ ಅದರ ವರದಿ, ಲಾರಿಗೆ ಸ್ಪೀಡ್ ಗವರ್ನರ್ (ವೇಗ ಮಿತಿ ಮೀರದಂತೆ ತಡೆಯುವ ಸಾಧನ) ಇದ್ದರೆ ಅದರ ಪ್ರಮಾಣಪತ್ರ ತೂಕದ ಪುರಾವೆ: 80ಕ್ಕೆ ಸೀಲ್ ಆದ ಲಾರಿ ಸಮತಟ್ಟು ರಸ್ತೆಯಲ್ಲಿ 97 ಓಡಿತು ಎಂದರೆ ಒಂದೋ ಗವರ್ನರ್ ಕೆಟ್ಟಿದೆ, ಒಂದೋ ಕ್ಯಾಮೆರಾ. ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ನೀವು ಆ ಹೊತ್ತಿಗೆ ಬೇರೆ ಕಡೆ ಇದ್ದಿರಿ ಎಂದು ತೋರಿಸಲು ಚೆನ್ನ, ಕ್ಯಾಮೆರಾ ಮುಂದಿನ ಕ್ಷಣದ ವೇಗಕ್ಕೆ ಅದು ಸಾಕ್ಷಿಯಲ್ಲ.

ನಿಲ್ಲದ ವಾದಗಳು. ರಸ್ತೆ ಖಾಲಿಯಿತ್ತು, ಎಲ್ಲರೂ ಅದೇ ವೇಗದಲ್ಲಿದ್ದರು, ಓವರ್‌ಟೇಕ್ ಮಾಡುತ್ತಿದ್ದೆ, ಸ್ಪೀಡೋಮೀಟರ್ ಅಷ್ಟು ತೋರಿಸಲಿಲ್ಲ. ಇವು ಒಂದೂ ನಡೆಯುವುದಿಲ್ಲ. ‘ತಮ್ಮ ಓಡಿಸುತ್ತಿದ್ದ’ ಎಂಬುದೂ ರದ್ದತಿಗೆ ಕಾರಣ ಅಲ್ಲ. ಚಾಲಕ ಯಾರೆಂದು ಕೇಳಿದಾಗ ಹೆಸರು, ಲೈಸೆನ್ಸ್ ವಿವರ ಕೊಡುವುದು ಕಲಂ 133ರಡಿ ಮಾಲೀಕನ ಕರ್ತವ್ಯ. ಸುಳ್ಳು ಹೆಸರು ಕೊಟ್ಟರೆ ಸಾವಿರ ರೂಪಾಯಿಯ ವಿಷಯ ದೊಡ್ಡ ಪ್ರಕರಣವಾಗುತ್ತದೆ.

ಗಾಡಿ ಮಾರಿದ್ದೀರಿ, ಆರ್‌ಸಿ ಇನ್ನೂ ನಿಮ್ಮ ಹೆಸರಿನಲ್ಲಿದೆ ಎಂದಾದರೆ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30 ಸಲ್ಲಿಸಿದ ರಸೀದಿ ಬೇಕು. ಸ್ಟಾಂಪ್ ಪೇಪರಿನ ಕರಾರು ಮಾತ್ರ ಇದ್ದರೆ ತಕರಾರು ದುರ್ಬಲ, ಮೊದಲು ವರ್ಗಾವಣೆ ಮಾಡಿಸಿ.

## ಹಂತ 8: ವರ್ಚುವಲ್ ಕೋರ್ಟ್, ಆಮೇಲೆ ನಿಜವಾದ ಕೋರ್ಟ್

ಪ್ರಕರಣ ವರ್ಚುವಲ್ ಕೋರ್ಟಿಗೆ (ಚಲನ್ ಪ್ರಕರಣಗಳನ್ನು ಆನ್‌ಲೈನಿನಲ್ಲೇ ನೋಡುವ ನ್ಯಾಯಾಲಯ) ಹೋಗಿದ್ದರೆ ಅದರ ತಾಣದಲ್ಲಿ ಗಾಡಿ ಅಥವಾ ಚಲನ್ ಸಂಖ್ಯೆ ಹಾಕಿ ತೆರೆಯಿರಿ. ಎರಡು ಆಯ್ಕೆ ಕಾಣುತ್ತವೆ: ದಂಡ ಕಟ್ಟುತ್ತೇನೆ, ಅಥವಾ ಪ್ರಕರಣ ಎದುರಿಸುತ್ತೇನೆ. ಮೊದಲನೆಯದನ್ನು ಒತ್ತಿ ಹಣ ಕಟ್ಟಿದರೆ ತಪ್ಪೊಪ್ಪಿಗೆ. ಎರಡನೆಯದನ್ನು ಆರಿಸಿದರೆ ಪ್ರಕರಣ ಆ ವ್ಯಾಪ್ತಿಯ ನ್ಯಾಯಾಲಯಕ್ಕೆ ವರ್ಗವಾಗುತ್ತದೆ.

ಒತ್ತುವ ಮುನ್ನ ಲೆಕ್ಕ ಹಾಕಿ. ಕಾಯ್ದೆಯ ಪ್ರಕಾರ ಲಘು ವಾಹನಕ್ಕೆ ದಂಡ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000. ಸಂಗಾರೆಡ್ಡಿ ಅಥವಾ ಪುಣೆಯ ನ್ಯಾಯಾಲಯಕ್ಕೆ ಎರಡು ಮೂರು ಸಲ ಹೋಗಿಬರುವ ಖರ್ಚು ಅದಕ್ಕಿಂತ ಹೆಚ್ಚು. ಆದರೆ ಲಾರಿ, ಬಸ್ಸು, ಟ್ಯಾಕ್ಸಿ ಚಾಲಕರು ಬರೀ ದಂಡದ ಲೆಕ್ಕ ನೋಡಬಾರದು. ಎರಡನೇ ಸಲ ಅತಿವೇಗ ಸಾಬೀತಾದರೆ ಲೈಸೆನ್ಸ್ ಜಪ್ತಿಗೆ ಕಲಂ 183ರಲ್ಲೇ ಅವಕಾಶವಿದೆ. ಲೈಸೆನ್ಸೇ ಅನ್ನವಾದವರು ತಪ್ಪು ಚಲನ್ ಒಪ್ಪಿಕೊಳ್ಳಬಾರದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ನ್ಯಾಯಾಲಯಕ್ಕೆ ಹೋಗುವ ದಿನ ಮೂಲ ಆರ್‌ಸಿ, ಲೈಸೆನ್ಸ್, ದಿನಾಂಕಗಳ ಹಾಳೆ, ಲಕೋಟೆ, ಮಾಹಿತಿ ಹಕ್ಕಿನ ಉತ್ತರ, ತಕರಾರಿನ ಟಿಕೆಟ್ ನಂಬರ್, ಪೆನ್‌ಡ್ರೈವ್ ಒಂದೇ ಕಡತದಲ್ಲಿರಲಿ. ನಿಮ್ಮ ವಿಡಿಯೊ ಕೂಡ ವಿದ್ಯುನ್ಮಾನ ದಾಖಲೆಯೇ, ಅದಕ್ಕೂ ಕಲಂ 63(4)ರ ಪ್ರಮಾಣಪತ್ರ ಬೇಕು. ವಕೀಲರಿಂದ ಮೊದಲೇ ಸಿದ್ಧ ಮಾಡಿಸಿ. ನ್ಯಾಯಾಧೀಶರು ತಪ್ಪೊಪ್ಪಿಕೊಳ್ಳುತ್ತೀರಾ ಎಂದು ಕೇಳಿದಾಗ ಬೇಗ ಮುಗಿಯಲಿ ಎಂದು ಹೌದು ಅನ್ನಬೇಡಿ. ‘ಇಲ್ಲ ಸ್ವಾಮಿ, ದಾಖಲೆ ಇವೆ’ ಎಂದಷ್ಟೇ ಹೇಳಿ. ಕಲಂ 209ರ 14 ದಿನದ ವಾದ ಎತ್ತುವ ಜಾಗ ಇದೇ.

ವಕೀಲರ ಶುಲ್ಕ ಭರಿಸಲಾಗದವರು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಲೋಕ ಅದಾಲತ್‌ನಲ್ಲಿ ಆಗುವುದು ರಾಜಿ, ಅಲ್ಲಿ ಹಣ ಕಟ್ಟಿದ ಮೇಲೆ ಮೇಲ್ಮನವಿ ಇಲ್ಲ.

ಆದೇಶ ನಿಮ್ಮ ಪರವಾಗಿ ಬಂದರೆ ಪ್ರಮಾಣೀಕೃತ ನಕಲು ಪಡೆದು, ಇ-ಚಲನ್ ತಾಣದಲ್ಲಿ ಆ ಚಲನ್ ಇತ್ಯರ್ಥವಾಗಿದೆಯೇ ನೋಡಿ. ಇನ್ನೂ ಬಾಕಿ ಎಂದೇ ತೋರಿಸುತ್ತಿದ್ದರೆ ನಕಲನ್ನು ಲಗತ್ತಿಸಿ ಪೊಲೀಸ್ ಕಚೇರಿಗೂ ಆರ್‌ಟಿಓಗೂ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.